ಕುಂಬಳಕಾಯಿಯೊಳಗೆ ಒಂದು ಹಣತೆ: ಹಡ್ಸನ್ ಕಣಿವೆಯಿಂದ ನಮ್ಮ ಮನೆ ಬಾಗಿಲವರೆಗೆ

2024ರಲ್ಲಿ, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿ ಕೇಳುವ ಅಮೆರಿಕದ ಹಬ್ಬ ಹ್ಯಾಲೋವೀನ್ ಮತ್ತು ನಮ್ಮ ನರಕ ಚತುರ್ದಶಿ ಒಂದೇ ದಿನ ಬಂದವು. ಅಕ್ಟೋಬರ್ 31, ಗುರುವಾರ. ಇದನ್ನು ಮೊದಲು ಗಮನಿಸಿದ್ದು ಅಮ್ಮ. ಸೆಪ್ಟೆಂಬರಿನಲ್ಲಿ ತೀರ್ಥಹಳ್ಳಿ ಕಡೆಯಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬರುವಾಗ ಊರಿನ ಕ್ಯಾಲೆಂಡರನ್ನೂ ಸುರುಳಿ ಸುತ್ತಿ ತಂದಿದ್ದಳು. ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಪಕ್ಕದಲ್ಲಿದ್ದ ಶಾಲೆಯ ಕ್ಯಾಲೆಂಡರ್ ಜೊತೆ ಹೋಲಿಸಿ ನೋಡಿದಳು. "ನಿಮ್ಮ ದೆವ್ವದ ಹಬ್ಬ, ನಮ್ಮ ಎಣ್ಣೆಸ್ನಾನ ಎರಡೂ ಒಂದೇ ದಿನ ಕಣೇ" ಅಂದಳು.

ಏಳು ವರ್ಷದ ಮಗಳು ಕುಣಿದಾಡಿದಳು. ನಾಲ್ಕು ವರ್ಷದ ಮಗನಿಗೆ ಅರ್ಥವಾಗಿದ್ದು ಇಷ್ಟೇ: ಬೆಳಗ್ಗೆಯೂ ಸಿಹಿ, ಸಂಜೆಯೂ ಸಿಹಿ. ಅಮ್ಮನ ಮುಖ ಮಾತ್ರ ಸ್ವಲ್ಪ ಗಂಭೀರವಾಗಿತ್ತು. "ಅಮಾವಾಸ್ಯೆ ಹತ್ತಿರ ಇರುವಾಗ ಮಕ್ಕಳಿಗೆ ದೆವ್ವದ ವೇಷ ಯಾಕೆ ಹಾಕಿಸ್ತೀರಿ? ಸುಮ್ನೆ ಭಯ ಬೀಳ್ತಾವೆ" ಅನ್ನುವುದು ಅವಳ ಮಾತು. ಬೀದಿಯಲ್ಲಿ ಆಗಲೇ ಅಂಗಳ ಅಂಗಳದಲ್ಲಿ ಪ್ಲಾಸ್ಟಿಕ್ ಎಲುಬುಗೂಡುಗಳು ಎದ್ದು ನಿಂತಿದ್ದವು. ಸಂಜೆ ವಾಕಿಂಗ್ ಹೋದರೆ ಅವಳು ರಸ್ತೆಯ ಆ ಕಡೆಯೇ ನಡೆಯುತ್ತಿದ್ದಳು.

ಅದಕ್ಕೇ ನಾವು ಗಂಡ ಹೆಂಡತಿ ಯೋಚಿಸಿ, ಹಬ್ಬದ ಹಿಂದಿನ ವಾರಾಂತ್ಯ ಮೂರು ದಿನ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಗೆ ಹೋಗಿಬರೋಣ ಅಂತ ತೀರ್ಮಾನ ಮಾಡಿದೆವು. ಎಲೆ ಬಣ್ಣ ತಿರುಗುವ ಕಾಲ. ಈ ಹಬ್ಬದಲ್ಲಿ ನಾನು ಪ್ರೀತಿಸುವುದು ಏನು ಅನ್ನೋದನ್ನು ಬಾಯಲ್ಲಿ ಹೇಳೋದಕ್ಕಿಂತ ಅಮ್ಮನಿಗೆ ಕಣ್ಣಾರೆ ತೋರಿಸಬೇಕು ಅನ್ನಿಸಿತ್ತು.

ಶುಕ್ರವಾರ, ಅಕ್ಟೋಬರ್ 25

ಮಗಳ ಶಾಲೆ ಬಿಡುವ ಹೊತ್ತಿಗೆ ಕಾರಿನಲ್ಲಿ ಎಲ್ಲ ತುಂಬಿ ಇಟ್ಟಿದ್ದೆವು. ಚಪಾತಿ, ಚಟ್ನಿಪುಡಿ, ಮೊಸರು, ಎರಡು ಕಂಬಳಿ. ಮಗನಿಗೆ ಕಡಲೆಕಾಯಿ ಅಲರ್ಜಿ, ಹಾಗಾಗಿ ಅಲರ್ಜಿ ಜೋರಾದರೆ ಚುಚ್ಚುವ ಔಷಧಿ, ಎಪಿಪೆನ್, ಇರುವ ಕೆಂಪು ಚೀಲ ನನ್ನ ಕೈಯಲ್ಲೇ. ಶುಕ್ರವಾರ ಸಂಜೆಯ ಟ್ರಾಫಿಕ್ ಗೊತ್ತಲ್ವಾ, ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಹಡ್ಸನ್ ನದಿಯನ್ನು ಅದು ಅಗಲವಾಗುವ ಟ್ಯಾಪನ್ ಝೀ ಅನ್ನುವ ಕಡೆ ದಾಟುವಾಗ ಸೂರ್ಯ ಮುಳುಗುತ್ತಿದ್ದ. ಸೇತುವೆ ಸುಮಾರು ಐದು ಕಿಲೋಮೀಟರ್ ಉದ್ದ. "ಇದು ನದಿಯೋ ಸಮುದ್ರವೋ?" ಅಂತ ಅಮ್ಮ ಕಿಟಕಿಗೆ ಹಣೆ ಹಚ್ಚಿ ಕೇಳಿದಳು. ತುಂಗೆಯ ದಡದಲ್ಲಿ ಬೆಳೆದವಳಿಗೆ ಅಷ್ಟಗಲದ ಹೊಳೆ ನಂಬಲು ಕಷ್ಟ.

ಮೊದಲ ರಾತ್ರಿ ನಾವು ಹೋಗಿದ್ದು ಕ್ರೋಟನ್ ಆನ್ ಹಡ್ಸನ್ ಅನ್ನುವ ಊರಿಗೆ. ಅಲ್ಲಿ ವ್ಯಾನ್ ಕೋರ್ಟ್‌ಲ್ಯಾಂಡ್ ಮ್ಯಾನರ್ ಅಂತ ಹಳೆಯ ಕಾಲದ ದೊಡ್ಡ ಮನೆ, ಸುತ್ತ ತೋಟ. 2005ರಿಂದ ಪ್ರತಿ ವರ್ಷ ಈ ಕಾಲದಲ್ಲಿ ಆ ತೋಟದ ತುಂಬ ಕುಂಬಳಕಾಯಿ ದೀಪ ಹಚ್ಚುತ್ತಾರೆ. ಗ್ರೇಟ್ ಜ್ಯಾಕ್ ಓ ಲ್ಯಾಂಟರ್ನ್ ಬ್ಲೇಜ್ ಅಂತ ಹೆಸರು. ಕೈಯಲ್ಲಿ ಕೊರೆದ 7,000ಕ್ಕೂ ಹೆಚ್ಚು ಕುಂಬಳಕಾಯಿಗಳು. ಎಲ್ಲವೂ ಹೊಲದಿಂದ ಬಂದವಲ್ಲ, ಫೋಮಿನಿಂದ ಮಾಡಿದವೂ ಇರುತ್ತವೆ. ಇಲ್ಲದಿದ್ದರೆ ಅಷ್ಟು ವಾರ ಕೊಳೆಯದೆ ಉಳಿಯೋದು ಹೇಗೆ? ಟಿಕೆಟ್ಟನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ತಗೋಬೇಕು, ಹೊತ್ತು ಗೊತ್ತು ಮಾಡಿ ಕೊಡುತ್ತಾರೆ. ವಾರಾಂತ್ಯದ ಟಿಕೆಟ್ ಬೇಗ ಮುಗಿದುಹೋಗುತ್ತವೆ. ನಾವು ಸೆಪ್ಟೆಂಬರಿನಲ್ಲೇ ತೆಗೆದುಕೊಂಡಿದ್ದೆವು.

ಒಳಗೆ ಕಾಲಿಟ್ಟ ಕೂಡಲೇ ಮಗಳು "ವಾಹ್" ಅಂತ ಓಡಿದಳು. ಕುಂಬಳಕಾಯಿಗಳಿಂದಲೇ ಕಟ್ಟಿದ ಲಿಬರ್ಟಿ ಪ್ರತಿಮೆ. ಗಾಳಿಯಂತ್ರ. ಒಳಗೆ ನಡೆದುಹೋಗಬಹುದಾದ ನಕ್ಷತ್ರಗಳ ಗುಮ್ಮಟ. ಎಲ್ಲವೂ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿವೆ, ಸುತ್ತ ಕಗ್ಗತ್ತಲು. ಎಲ್ಲಿಂದಲೋ ಗುಂಯ್‌ಗುಡುವ ಸಂಗೀತ.

ಮಗ ನನ್ನ ಕೈ ಬಿಟ್ಟು ಕಾಲು ತಬ್ಬಿಕೊಂಡ. ಕುದುರೆ ಏರಿದ ತಲೆಯಿಲ್ಲದ ಸವಾರನ ಹತ್ತಿರ ಬಂದಾಗ ಅಳು ಶುರು. ಸಣ್ಣ ಅಳು ಅಲ್ಲ, ಉಸಿರು ಕಟ್ಟುವ ಹಾಗೆ. "ಮನೆಗೆ ಹೋಗೋಣ, ಮನೆಗೆ ಹೋಗೋಣ" ಅಂತ ಒಂದೇ ಮಾತು. ಹಿಂದೆ ಜನ ಬರುತ್ತಿದ್ದಾರೆ, ದಾರಿ ಕಿರಿದು. ಅಮ್ಮ ಹೇಳಿದ್ದು ನಿಜವಾಯಿತಲ್ಲ ಅಂತ ನನಗೆ ಹೊಟ್ಟೆಯೊಳಗೆ ಸಂಕಟ.

ಆಗ ಅಮ್ಮ ಅವನನ್ನು ಸೊಂಟಕ್ಕೆ ಎತ್ತಿಕೊಂಡಳು. ಸವಾರನ ಕಡೆ ಹೋಗದೆ ದಾರಿಯ ಅಂಚಿನಲ್ಲಿದ್ದ ಒಂದು ಸಣ್ಣ ಕುಂಬಳಕಾಯಿಯ ಪಕ್ಕ ಕೂತಳು. ಎದುರಿನಿಂದ ನೋಡಿದರೆ ಹಲ್ಲು ಕಿರಿದ ಮುಖ. ಪಕ್ಕದಿಂದ ನೋಡಿದರೆ ಸುಮ್ನೆ ಕಾಯಿ, ಹಿಂಬದಿಯಲ್ಲಿ ಒಂದು ತೂತು, ತೂತಿನಿಂದ ಹೊರಬಂದ ಒಂದು ತಂತಿ. "ಬಾ ಇಲ್ಲಿ, ಒಳಗೆ ಏನಿದೆ ನೋಡು ಪುಟ್ಟಾ" ಅಂದಳು. ಅವನು ಕಣ್ಣೀರಿನ ಮಧ್ಯೆಯೇ ಬಗ್ಗಿ ನೋಡಿದ. "ಲೈಟು" ಅಂದ. "ಹೌದಾ? ಮತ್ತೆ ಅದರಲ್ಲಿ?" ಅಂತ ಮುಂದಿನದನ್ನು ತೋರಿಸಿದಳು. "ಅದರಲ್ಲೂ ಲೈಟು." ಅಲ್ಲಿಂದ ಮುಂದೆ ಒಂದು ಗಂಟೆ ಅವನ ಕೆಲಸ ಅದೇ. ಎದುರಿನ ಮುಖ ನೋಡಲೇ ಇಲ್ಲ, ಪ್ರತಿಯೊಂದರ ಪಕ್ಕಕ್ಕೆ ಹೋಗಿ ಬಗ್ಗಿ "ಲೈಟಿದೆ ಅಜ್ಜಿ" ಅಂತ ವರದಿ. ಸವಾರನ ಹತ್ತಿರವೂ ಅವನೇ ವಾಪಸ್ ಕರೆದುಕೊಂಡು ಹೋದ.

ರಾತ್ರಿ ಹೋಟೆಲಿನಲ್ಲಿ ಮಕ್ಕಳು ಮಲಗಿದ ಮೇಲೆ ಅಮ್ಮ, "ಚೆನ್ನಾಗಿ ಮಾಡಿದ್ದಾರೆ ಕಣೇ. ದೀಪ ಹಚ್ಚೋದಕ್ಕೆ ಎಷ್ಟು ಕಷ್ಟಪಟ್ಟಿದ್ದಾರೆ" ಅಂದಳು. ದೆವ್ವದ ಮಾತು ಎತ್ತಲಿಲ್ಲ.

ಶನಿವಾರ, ಅಕ್ಟೋಬರ್ 26

ತಲೆಯಿಲ್ಲದ ಸವಾರ ಯಾರು ಅಂತ ಮಗಳು ಬೆಳಗ್ಗೆ ಎದ್ದ ಕೂಡಲೇ ಕೇಳಿದಳು. ಅವನ ಊರಿಗೇ ಹೊರಟಿದ್ದೆವು. ಕ್ರೋಟನ್‌ನಿಂದ ದಕ್ಷಿಣಕ್ಕೆ ಹದಿನೈದು ಕಿಲೋಮೀಟರಿನಷ್ಟು ಬಂದರೆ ಸ್ಲೀಪಿ ಹಾಲೋ.

ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1820ರಲ್ಲಿ ಪ್ರಕಟಿಸಿದ ಕಥೆಯಿಂದ ಈ ಊರಿನ ಹೆಸರು ಜಗತ್ತಿಗೆ ಗೊತ್ತಾಯಿತು. ಊರಿನ ಅಧಿಕೃತ ಹೆಸರು ಬಹುಕಾಲ ನಾರ್ತ್ ಟ್ಯಾರಿಟೌನ್. 1996ರಲ್ಲಿ ಅಲ್ಲಿದ್ದ ದೊಡ್ಡ ಕಾರು ಕಾರ್ಖಾನೆ ಮುಚ್ಚಿತು. ಅದೇ ವರ್ಷ ಜನ ಮತ ಹಾಕಿ ಊರಿನ ಹೆಸರನ್ನೇ ಸ್ಲೀಪಿ ಹಾಲೋ ಅಂತ ಬದಲಾಯಿಸಿಕೊಂಡರು. ಒಂದು ಕಥೆಗೋಸ್ಕರ ಊರೇ ಹೆಸರು ಬದಲಿಸಿಕೊಂಡಿದ್ದು ನನಗೆ ತುಂಬಾ ಇಷ್ಟವಾದ ವಿಷಯ. ಈಗ ಹೈಸ್ಕೂಲಿನ ಆಟದ ತಂಡದ ಲಾಂಛನವೂ ಅದೇ ಸವಾರ.

ಕಾರಿನಲ್ಲೇ ಮಕ್ಕಳಿಗೆ ಕಥೆ ಹೇಳಿದೆ. ಇಕಬಾಡ್ ಕ್ರೇನ್ ಅನ್ನುವ ಸಣಕಲು ಮೇಷ್ಟ್ರು. ಊರಿನ ಶ್ರೀಮಂತನ ಮಗಳ ಮೇಲೆ ಮನಸ್ಸು. ಅವಳನ್ನೇ ಬಯಸುವ ಇನ್ನೊಬ್ಬ ಗಟ್ಟಿ ಆಳು. ಒಂದು ರಾತ್ರಿ ಔತಣ ಮುಗಿಸಿ ಕುದುರೆ ಮೇಲೆ ಬರುವಾಗ ಮೇಷ್ಟ್ರ ಹಿಂದೆ ತಲೆಯಿಲ್ಲದ ಸವಾರ ಬರುತ್ತಾನೆ. ಯುದ್ಧದಲ್ಲಿ ಫಿರಂಗಿ ಗುಂಡಿಗೆ ತಲೆ ಕಳೆದುಕೊಂಡ ಸೈನಿಕ ಅಂತ ಊರಿನ ನಂಬಿಕೆ. ಚರ್ಚಿನ ಹತ್ತಿರದ ಸೇತುವೆ ದಾಟಿದರೆ ಬಚಾವ್ ಅಂದುಕೊಂಡು ಮೇಷ್ಟ್ರು ದಾಟುತ್ತಾನೆ, ಸವಾರ ತನ್ನ ತಲೆಯನ್ನೇ ಎತ್ತಿ ಎಸೆಯುತ್ತಾನೆ. ಬೆಳಗ್ಗೆ ನೋಡಿದರೆ ಮೇಷ್ಟ್ರಿಲ್ಲ. ಅವನ ಟೋಪಿ ಬಿದ್ದಿದೆ, ಪಕ್ಕದಲ್ಲಿ ಒಡೆದ ಕುಂಬಳಕಾಯಿ.

"ಅಂದ್ರೆ ಎಸೆದಿದ್ದು ಕುಂಬಳಕಾಯಿನಾ?" ಮಗಳು ಥಟ್ಟನೆ ಹಿಡಿದಳು. ಅಮ್ಮ ಹಿಂದಿನ ಸೀಟಿನಲ್ಲಿ ನಕ್ಕಳು. ಆಮೇಲೆ ತಾನೇ ಶುರು ಮಾಡಿದಳು, ಕೊಳ್ಳಿದೆವ್ವದ ಕಥೆ. ಮಳೆಗಾಲ ಮುಗಿಯುವ ಹೊತ್ತಿಗೆ ರಾತ್ರಿ ಗದ್ದೆಬಯಲಿನಲ್ಲಿ ಬೆಳಕು ಓಡಾಡುತ್ತದಂತೆ. ಹತ್ತಿರ ಹೋದರೆ ದೂರ ಸರಿಯುತ್ತದಂತೆ. ಅಜ್ಜ ಒಂದು ಸಲ ಅದರ ಹಿಂದೆ ಹೋಗಿ ದಾರಿ ತಪ್ಪಿ ಬೆಳಗಿನ ಜಾವ ಮನೆ ಸೇರಿದರಂತೆ. ನಾನೂ ಚಿಕ್ಕವಳಿದ್ದಾಗ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಇದನ್ನೇ ಕೇಳಿ ಬೆಳೆದವಳು. ಜ್ಯಾಕ್ ಓ ಲ್ಯಾಂಟರ್ನ್ ಅನ್ನುವ ಹೆಸರೂ ಮೊದಲು ಕುಂಬಳಕಾಯಿಗೆ ಇದ್ದಿದ್ದಲ್ಲ. 1600ರ ದಶಕಗಳಲ್ಲಿ ಇಂಗ್ಲೆಂಡಿನ ಜನ ಜೌಗು ನೆಲದ ಮೇಲೆ ರಾತ್ರಿ ಓಡಾಡುವ ಬೆಳಕನ್ನು ಹಾಗೆ ಕರೆಯುತ್ತಿದ್ದರು. ಇದನ್ನು ಹೇಳಿದಾಗ ಅಮ್ಮನಿಗೆ ಆದ ಖುಷಿ ಹೇಳತೀರದು. "ಹಾಗಾದ್ರೆ ಅದು ನಮ್ಮ ಕೊಳ್ಳಿದೆವ್ವವೇ ಮಾರಾಯ್ತಿ!"

ಹಳೆಯ ಡಚ್ ಚರ್ಚ್ ಸಣ್ಣದು. 1685ರ ಕಾಲದ್ದು, ಒರಟು ಕಲ್ಲಿನ ದಪ್ಪ ಗೋಡೆ. ಪಕ್ಕದಲ್ಲೇ ಸಮಾಧಿಗಳು, ಅದಕ್ಕೆ ಹೊಂದಿಕೊಂಡು ದೊಡ್ಡ ಸ್ಮಶಾನ. ಜನ ನಕ್ಷೆ ಹಿಡಿದು ಮಕ್ಕಳ ಜೊತೆ ಓಡಾಡುತ್ತಿದ್ದರು. ಅಮ್ಮ ಗೇಟಿನ ಹತ್ತಿರವೇ ನಿಂತಳು. "ನೀವು ಹೋಗಿ ಬನ್ನಿ" ಅಂದಳು. ಒತ್ತಾಯ ಮಾಡಲಿಲ್ಲ. ಇವರು ಅವಳ ಜೊತೆ ನಿಂತರು, ನಾನು ಮಕ್ಕಳನ್ನು ಕರೆದುಕೊಂಡು ಏರು ಹತ್ತಿದೆ. ಇರ್ವಿಂಗ್ ಸಮಾಧಿ ಕಬ್ಬಿಣದ ಬೇಲಿಯೊಳಗೆ ಕುಟುಂಬದವರ ನಡುವೆ ಇದೆ. ತೀರಾ ಸಾದಾ ಬಿಳಿ ಕಲ್ಲು. 1859ರಲ್ಲಿ ತೀರಿಕೊಂಡವರು. ಯಾರೋ ಒಂದು ಪುಟ್ಟ ಕುಂಬಳಕಾಯಿ ಇಟ್ಟು ಹೋಗಿದ್ದರು.

ತಿರುಗಿ ನೋಡಿದರೆ ಅಮ್ಮ ನಿಧಾನವಾಗಿ ಮೇಲೆ ಬರುತ್ತಿದ್ದಾಳೆ! "ಮರ ನೋಡಿ ತಡೆಯೋಕಾಗಲಿಲ್ಲ" ಅಂದಳು. ನಿಜ, ಆ ಗುಡ್ಡದ ಮೇಲಿನ ಒಂದು ಮೇಪಲ್ ಮರ ಪೂರ್ತಿ ಕೆಂಪಾಗಿ ನಿಂತಿತ್ತು, ಕೆಳಗಿನ ಕಲ್ಲುಗಳ ಮೇಲೆಲ್ಲ ಅದೇ ಕೆಂಪು. ಅವಳು ಒಂದು ಎಲೆ ಎತ್ತಿ, ದೇವರಿಗೆ ಹೂವು ಹಿಡಿದ ಹಾಗೆ ಅಂಗೈ ಮೇಲಿಟ್ಟು ನೋಡಿದಳು. ಎಲೆಗೆ ಕೆಂಪು ಎಲ್ಲಿಂದ ಬರುತ್ತದೆ ಅಂತ ಕೇಳಿದಳು. ಹಗಲು ಸಣ್ಣದಾದ ಹಾಗೆ ಮರ ಎಲೆಯ ಹಸಿರನ್ನು ಒಡೆದು ಒಳಗೆ ಎಳೆದುಕೊಳ್ಳುತ್ತದೆ. ಹಸಿರು ಸರಿದ ಮೇಲೆ ಮೊದಲಿನಿಂದಲೂ ಅಲ್ಲೇ ಇದ್ದ ಹಳದಿ ಕಾಣುತ್ತದೆ. ಕೆಂಪು ಮಾತ್ರ ಹೊಸದಾಗಿ ಹುಟ್ಟುವುದು, ಬಿಸಿಲಿನ ಹಗಲು ಮತ್ತು ತಂಪು ರಾತ್ರಿ ಸಿಕ್ಕರೆ ಎಲೆಯಲ್ಲಿ ಉಳಿದ ಸಕ್ಕರೆಯಿಂದ. "ಹಣ್ಣಾದ ಹಾಗೆಯೇ ಅಲ್ವಾ" ಅಂದಳು. ಎಷ್ಟು ಸರಿಯಾಗಿ ಹೇಳಿದಳು ಅನ್ನಿಸಿತು.

ಸ್ಮಶಾನಕ್ಕೆ ಹೋಗಿಬಂದ ಮೇಲೆ ಸ್ನಾನ ಆಗಲೇಬೇಕು ಅನ್ನುವುದು ಅಮ್ಮನ ಪಟ್ಟು. ಹೋಟೆಲಿಗೆ ವಾಪಸ್ ಬಂದು ಐದೂ ಜನ ತಲೆಗೆ ಸ್ನಾನ ಮಾಡಿ ರೂಮು ಖಾಲಿ ಮಾಡಿದೆವು. ಬಿಸಿನೀರು ಅರ್ಧದಲ್ಲಿ ನಿಂತು, ಕೊನೆಯ ಇಬ್ಬರು ತಣ್ಣೀರಿನಲ್ಲೇ ಮುಗಿಸಬೇಕಾಯಿತು. ಆದರೂ ಅವಳ ಮನಸ್ಸಿಗೆ ನೆಮ್ಮದಿ ಆಯಿತಲ್ಲ, ಅಷ್ಟು ಸಾಕು.

ಮಧ್ಯಾಹ್ನ ಬೇರ್ ಮೌಂಟನ್. ಕಾರಿನಲ್ಲೇ ಮೇಲೆ ಹೋಗಬಹುದು, ಸುಮಾರು 1,300 ಅಡಿ. ತುದಿಯ ಪರ್ಕಿನ್ಸ್ ಗೋಪುರದಿಂದ ಕೆಳಗೆ ಹಡ್ಸನ್ ನದಿ ಬೆಟ್ಟಗಳ ನಡುವೆ ತಿರುಗುವುದು ಕಾಣುತ್ತದೆ. ನದಿಯ ಮೇಲೆ 1924ರಲ್ಲಿ ತೆರೆದ ತೂಗು ಸೇತುವೆಗೆ ಇನ್ನೊಂದು ತಿಂಗಳಿಗೆ ನೂರು ವರ್ಷ ತುಂಬುವುದಿತ್ತು. ಮೇಪಲ್‌ಗಳು ಆಗಲೇ ಬೋಳಾಗಿದ್ದವು. ಓಕ್ ಮರಗಳ ಕಂದು, ತುಕ್ಕು ಬಣ್ಣ ಮಾತ್ರ ಉಳಿದಿತ್ತು. ಆ ಅಕ್ಟೋಬರಿನಲ್ಲಿ ಮಳೆಯೇ ಇಲ್ಲ. ನ್ಯೂಯಾರ್ಕ್ ನಗರದಲ್ಲಿ ದಾಖಲೆ ಇಡಲು ಶುರು ಮಾಡಿದಾಗಿನಿಂದ ಅಷ್ಟು ಒಣ ತಿಂಗಳು ಬಂದಿರಲಿಲ್ಲ, ಇಡೀ ತಿಂಗಳಿಗೆ ಇಂಚಿನ ನೂರನೇ ಒಂದು ಭಾಗ. ಕಾಲಿಟ್ಟರೆ ಎಲೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮಕ್ಕಳು ರಾಶಿ ಮಾಡಿ ಅದರೊಳಗೆ ಹಾರಿದರು. ಅಮ್ಮ ಸೊಂಟಕ್ಕೆ ಕೈ ಇಟ್ಟು ನೋಡುತ್ತಾ, "ಇಷ್ಟೊಂದು ದರಗು! ಊರಲ್ಲಾಗಿದ್ರೆ ಕೊಟ್ಟಿಗೆಗೆ ಹಾಸೋಕೆ ವರ್ಷವಿಡೀ ಆಗ್ತಿತ್ತು" ಅಂದಳು.

ಬೆಟ್ಟದ ಬುಡದಲ್ಲಿ ಪುಟ್ಟ ಮೃಗಾಲಯ ಇದೆ. ಗಾಯಗೊಂಡು ಕಾಡಿಗೆ ಮರಳಲಾಗದ ಪ್ರಾಣಿಗಳಿಗೆ ಅಲ್ಲಿ ಜಾಗ. ಮಗ ಕಪ್ಪು ಕರಡಿಯ ಎದುರು ಇಪ್ಪತ್ತು ನಿಮಿಷ ನಿಂತ. ಹ್ಯಾಲೋವೀನಿಗೆ ತಾನು ಕರಡಿ ಅಂತ ಅಲ್ಲೇ ನಿರ್ಧಾರವಾಯಿತು.

ಭಾನುವಾರ, ಅಕ್ಟೋಬರ್ 27

ಸೇಬು ಕೀಳಲು ವಾರ್ವಿಕ್ ಅನ್ನುವ ಊರಿನ ಕಡೆಗೆ. ಮೊದಲು ಹೋದ ತೋಟದಲ್ಲಿ ನಿರಾಸೆ. ತೆರೆದಿದೆ ಅಂತ ಹೇಳಿದ್ದರು, ಹೋಗಿ ದುಡ್ಡು ಕೊಟ್ಟು ಚೀಲ ಪಡೆದ ಮೇಲೆ ನೋಡಿದರೆ ಮರಗಳಲ್ಲಿ ಏನೂ ಇಲ್ಲ. ಮಗಳು ಖಾಲಿ ಚೀಲ ಹಿಡಿದು ಮರದಿಂದ ಮರಕ್ಕೆ ಓಡಾಡಿದ್ದು ನೋಡಿ ಸಂಕಟವಾಯಿತು. ತಿಂಗಳ ಕೊನೆಗೆ ಹೋಗುವವರು ಫೋನ್ ಮಾಡಿ ಇನ್ನೂ ಯಾವ ಜಾತಿಯ ಹಣ್ಣಿದೆ ಅಂತ ಕೇಳಿಕೊಂಡೇ ಹೋಗಿ. ಎರಡನೇ ತೋಟದಲ್ಲಿ ಫ್ಯೂಜಿ, ಗ್ರ್ಯಾನಿ ಸ್ಮಿತ್ ಇನ್ನೂ ಇದ್ದವು. ತಡವಾಗಿ ಹಣ್ಣಾಗುವ ಜಾತಿಗಳು ಅವು. ಎಳೆಯಬಾರದು, ಅಂಗೈಯಲ್ಲಿ ಹಿಡಿದು ಮೇಲಕ್ಕೆ ತಿರುಗಿಸಬೇಕು, ಆಗ ತೊಟ್ಟು ತಾನೇ ಬಿಡುತ್ತದೆ. ಮಗ ಎರಡೇ ಸಲದಲ್ಲಿ ಕಲಿತ.

ಅಲ್ಲೇ ಹುಲ್ಲಿನ ಗಾಡಿಯಲ್ಲಿ ಕೂತು ಕುಂಬಳಕಾಯಿ ಹೊಲಕ್ಕೆ. ಟ್ರ್ಯಾಕ್ಟರ್ ಎಬ್ಬಿಸಿದ ಧೂಳು ಮೂಗಿನ ತುಂಬ. ಒಣಹವೆಯ ದೆಸೆಯಿಂದ ತೋಟದಲ್ಲಿ ಬೆಂಕಿ ಹಾಕಿ ಕೂರುವ ಕಾರ್ಯಕ್ರಮ ನಿಲ್ಲಿಸಿದ್ದರು. ಸೇಬಿನ ರಸ ಹಾಕಿ ಮಾಡುವ ಸೈಡರ್ ಡೋನಟ್ ಅಂಗಡಿಯಲ್ಲಿ ಎಣ್ಣೆ ಯಾವುದು, ಕಡಲೆಕಾಯಿ ಮುಟ್ಟಿದೆಯಾ ಅಂತ ವಿಚಾರಿಸಿದೆ. ಕೌಂಟರಿನ ಹುಡುಗಿ ಒಳಗೆ ಹೋಗಿ ಡಬ್ಬವನ್ನೇ ತಂದು ತೋರಿಸಿದಳು. ಬಿಸಿ ಬಿಸಿ, ಮೇಲೆ ದಾಲ್ಚಿನ್ನಿ ಸಕ್ಕರೆ. ಸಂತೋಷವಾಗಿ ತಿಂದೆವು.

ಹೊಲದಲ್ಲಿ ಅಮ್ಮ ನಿಜವಾಗಿ ಅರಳಿದಳು. ಬಗ್ಗಿ ಬಗ್ಗಿ ಕಾಯಿಗಳನ್ನು ಬೆರಳ ಗಂಟಿನಿಂದ ತಟ್ಟಿದಳು, ಉಗುರಿನಿಂದ ಗೀರಿದಳು. "ಇದು ನಮ್ಮ ಚೀನಿಕಾಯಿ ಅಲ್ಲ. ಒಳಗೆ ಬರೀ ಪೊಳ್ಳು, ನೀರು ಜಾಸ್ತಿ. ಪಲ್ಯಕ್ಕೆ ಬರಲ್ಲ" ಅಂತ ತೀರ್ಪು. ಸರಿಯೇ. ಕೊರೆಯಲು ಬೆಳೆಸುವ ಜಾತಿ ಅದು, ರುಚಿ ಕಡಿಮೆ. ನಮ್ಮ ಸಿಹಿಗುಂಬಳಕ್ಕೆ ಹತ್ತಿರದ ಬಂಧು ಅಂದರೆ ಇಲ್ಲಿನ ಬಟರ್‌ನಟ್, ಸೋರೆಕಾಯಿಯ ಹಾಗೆ ಉದ್ದಕ್ಕಿರುತ್ತದಲ್ಲ, ಅದು. ಕೊರೆಯಲು ಎರಡು, ಅಡುಗೆಗೆ ಬಟರ್‌ನಟ್ ಮೂರು ತಗೊಂಡೆವು. ತೊಟ್ಟು ಹಸಿರಾಗಿ ಗಟ್ಟಿ ಇರಬೇಕು, ಬುಡ ಮೆತ್ತಗಿರಬಾರದು. ತೊಟ್ಟು ಹಿಡಿದು ಎತ್ತಬಾರದು, ಮುರಿದರೆ ಬೇಗ ಕೊಳೆಯುತ್ತದೆ.

ವಾಪಸ್ ಬರುವಾಗ ಪೈನ್ ಐಲ್ಯಾಂಡ್ ಕಡೆ ತಿರುಗಿದೆವು. ಎರಡೂ ಬದಿಗೆ ಮಸಿಯಂಥ ಕಪ್ಪು ಮಣ್ಣು. ಹಿಮಯುಗದ ಕೊನೆಗೆ ಉಳಿದ ಕೆರೆ ಜೌಗಾಗಿ, ಆಮೇಲೆ ಯುರೋಪಿನಿಂದ ವಲಸೆ ಬಂದ ರೈತರು ನೀರು ಬಸಿದು ಗದ್ದೆ ಮಾಡಿದ ನೆಲ. ಈರುಳ್ಳಿಗೆ ಹೆಸರುವಾಸಿ. ಒಂದು ಚೀಲ ಈರುಳ್ಳಿಯೂ ಡಿಕ್ಕಿ ಸೇರಿತು.

ಸೋಮವಾರದಿಂದ ಬುಧವಾರ

ಮನೆ, ಆಫೀಸು, ಶಾಲೆ. ರಾತ್ರಿಯೆಲ್ಲ ವೇಷದ ಹೊಲಿಗೆ. ಮಗಳು ತಲೆಯಿಲ್ಲದ ಸವಾರ್ತಿ. ಅಮ್ಮ ತನ್ನ ಕಪ್ಪು ಶಾಲನ್ನು ಭುಜದ ಮೇಲೆ ರಟ್ಟಿನ ಆಸರೆ ಕೊಟ್ಟು ಕೂರಿಸಿ, ಎದೆಯ ಹತ್ತಿರ ಕಣ್ಣಿಗೆ ಎರಡು ತೂತು ಇಟ್ಟಳು. ಅಮಾವಾಸ್ಯೆ ಹತ್ತಿರ ವೇಷ ಬೇಡ ಅಂದಿದ್ದ ಅದೇ ಅಮ್ಮ! ಕರಡಿಗೆ ಕಂದು ಸ್ವೆಟರು, ಹಳೆಯ ಕಾಲುಚೀಲದ ಕಿವಿ.

ಒಂದು ಸಣ್ಣ ಪ್ಲಾಸ್ಟಿಕ್ ಕುಂಬಳಕಾಯಿಗೆ ನಾನು ಹಸಿರು-ನೀಲಿ ಬಣ್ಣ ಬಳಿದೆ. 2014ರಿಂದ ಅಮೆರಿಕದ ಉದ್ದಗಲಕ್ಕೂ ಹರಡಿದ ಪದ್ಧತಿ ಇದು. ಮನೆ ಮುಂದೆ ಆ ಬಣ್ಣದ ಕುಂಬಳಕಾಯಿ ಇದ್ದರೆ, ಅಲ್ಲಿ ತಿಂಡಿಯಲ್ಲದ ಉಡುಗೊರೆಯೂ ಸಿಗುತ್ತದೆ ಅಂತ ಅರ್ಥ. ಬಳಪ, ಸ್ಟಿಕರ್, ಬುಗುರಿ. ಅಲರ್ಜಿ ಇರುವ ಮಗುವಿನ ತಾಯಿಗೆ ಆ ಬಣ್ಣ ಕಂಡರೆ ಎಷ್ಟು ಧೈರ್ಯ ಬರುತ್ತದೆ ಅಂತ ಆ ತಾಯಂದಿರಿಗೇ ಗೊತ್ತು.

ಬುಧವಾರ ರಾತ್ರಿ ಊರಿನ ಲೆಕ್ಕದಲ್ಲಿ ನೀರು ತುಂಬುವ ಹಬ್ಬ. ಹಂಡೆ ಇಲ್ಲ, ಅದಕ್ಕೆ ಸುತ್ತುವ ಹಿಂಡಲೆಕಾಯಿ ಬಳ್ಳಿಯೂ ಇಲ್ಲ. ಸ್ಟೀಲ್ ಬಕೆಟ್ಟಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಅರಿಶಿನ ಕುಂಕುಮ ಇಟ್ಟು ನೀರು ತುಂಬಿದೆವು. ಆಮೇಲೆ ಅಡುಗೆಮನೆ ನೆಲಕ್ಕೆ ಪೇಪರ್ ಹಾಸಿ ಕುಂಬಳಕಾಯಿ ಕೊರೆಯಲು ಕೂತೆವು. ಮೇಲಿನ ಮುಚ್ಚಳವನ್ನು ಓರೆಯಾಗಿ ಕತ್ತರಿಸಬೇಕು, ನೇರ ಕತ್ತರಿಸಿದರೆ ಒಳಗೆ ಬಿದ್ದುಹೋಗುತ್ತದೆ. ಒಳಗೆ ತಣ್ಣಗಿನ ನಾರು, ಬೆರಳಿಗೆ ಜಿಡ್ಡು ಜಿಡ್ಡಾಗಿ ಸುತ್ತಿಕೊಳ್ಳುತ್ತದೆ. ಮಗ ಮೊಣಕೈವರೆಗೆ ಕೈ ಹಾಕಿ ಬೀಜ ತೆಗೆದ. ಬೀಜ ತೊಳೆದು, ಉಪ್ಪು ಖಾರ ಹಾಕಿ ಹುರಿದೆವು. ಐರ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಮೊದಲು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಲ್ಲಿಂದ ವಲಸೆ ಬಂದವರಿಗೆ ಇಲ್ಲಿ ಇಷ್ಟು ದೊಡ್ಡ ಕಾಯಿ ಸಿಕ್ಕಿತು.

ಕೊರೆಯುತ್ತಾ ಅಮ್ಮ ಬೂರೆ ಹಬ್ಬದ ಕಥೆ ಹೇಳಿದಳು. ನಮ್ಮ ಕಡೆ ದೀಪಾವಳಿಯ ರಾತ್ರಿ ಹುಡುಗರು ಊರಿನ ಹಿತ್ತಿಲುಗಳಿಂದ ಸೌತೆಕಾಯಿ, ಚೀನಿಕಾಯಿ, ಎಳನೀರು ಕದಿಯುತ್ತಾರೆ. ಆ ಒಂದು ರಾತ್ರಿ ಬೈಯುವಂತಿಲ್ಲ. "ಅಜ್ಜಿ, ನೀನೂ ಕದ್ದಿದ್ದೀಯಾ?" ಮಗಳು ಕೇಳಿದಳು. "ಒಂದು ಸಲ. ನನ್ನ ಅಣ್ಣಂದಿರ ಜೊತೆ. ಪಕ್ಕದ ಮನೆಯ ಸೌತೆಕಾಯಿ" ಅಂದಳು. ಇದು ನನಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ಅಮ್ಮ ಇದನ್ನು ನನ್ನಿಂದ ಮುಚ್ಚಿಟ್ಟಿದ್ದಳು.

ಗುರುವಾರ, ಅಕ್ಟೋಬರ್ 31

ಬೆಳಗಿನ ಐದಕ್ಕೆ ಎಣ್ಣೆಸ್ನಾನ. ಅಮ್ಮನ ಅಂಗೈಯಿಂದ ನೆತ್ತಿಗೆ ಬೆಚ್ಚಗಿನ ಎಣ್ಣೆ, ಮಕ್ಕಳು ಅರ್ಧ ನಿದ್ದೆಯಲ್ಲೇ ಕೂತಿದ್ದರು. ಆಮೇಲೆ ಆರತಿ. ಬಟರ್‌ನಟ್ ತುರಿದು, ಅಕ್ಕಿತರಿ, ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ಚೀನಿಕಾಯಿ ಕಡುಬು. ಬಾಳೆಎಲೆ ಇಂಡಿಯನ್ ಅಂಗಡಿಯ ಫ್ರೀಜರಿನಿಂದ ಬಂದಿತ್ತು. ಕಡುಬು ಬೇಯುವ ವಾಸನೆಗೆ ಮಕ್ಕಳು ಪೂರ್ತಿ ಎಚ್ಚರಾದರು. ಮಗಳು ಶಾಲೆಗೆ ಹೋಗುವಾಗ ಹಣೆಯಲ್ಲಿ ಕುಂಕುಮ, ಚೀಲದಲ್ಲಿ ತಲೆಯಿಲ್ಲದ ವೇಷ.

ಆ ದಿನ ಎಂಥ ಸೆಕೆ! ಅಕ್ಟೋಬರ್ ಕೊನೆಗೆ 80 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ.  ಬೇರೆ ವರ್ಷ ವೇಷದ ಮೇಲೆ ಜಾಕೆಟ್ ಹಾಕಿಸುವ ಜಗಳ ಇರುತ್ತಿತ್ತು. ಈ ಸಲ ಕರಡಿ ಬೆವರಿ ಕಿವಿ ಕಿತ್ತು ನನ್ನ ಕೈಗೆ ಕೊಟ್ಟಿತು.

ಆರು ಗಂಟೆಗೆ ಸೂರ್ಯ ಮುಳುಗಿದ ಮೇಲೆ ಹೊರಟೆವು. ನಿಯಮ ಸರಳ: ಬಾಗಿಲ ಮುಂದಿನ ದೀಪ ಹತ್ತಿದ್ದರೆ ಗಂಟೆ ಒತ್ತಬಹುದು, ಆರಿದ್ದರೆ ಮುಂದೆ ಹೋಗಬೇಕು. ಅಮ್ಮನೂ ಬಂದಳು. ಎರಡು ವರ್ಷದಿಂದ ಈ ಬೀದಿಯಲ್ಲಿದ್ದೇವೆ, ಕೈ ಬೀಸಿ ಹಾಯ್ ಅನ್ನುವುದು ಬಿಟ್ಟರೆ ಎಷ್ಟೋ ಮನೆಯವರ ಮುಖ ಸರಿಯಾಗಿ ನೋಡಿಲ್ಲ. ಈ ಒಂದು ಸಂಜೆ ಎಲ್ಲ ಬಾಗಿಲೂ ತೆರೆಯುತ್ತವೆ. ಒಬ್ಬರು ಮುದುಕರು ಮೆಟ್ಟಿಲ ಮೇಲೆ ಕುರ್ಚಿ ಹಾಕಿ, ಮಡಿಲಲ್ಲಿ ಬುಟ್ಟಿ ಇಟ್ಟು ಕೂತಿದ್ದರು. ಪ್ರತಿ ಮಗುವಿನ ವೇಷ ವಿಚಾರಿಸಿಯೇ ಕೊಡುವುದು. ಮೂಲೆಮನೆಯ ಮುಂದೆ ಹಸಿರು-ನೀಲಿ ಕುಂಬಳಕಾಯಿ ಕಂಡಿತು. ಮಗ ನನ್ನ ಕೈ ಎಳೆದುಕೊಂಡು ಓಡಿದ. ಒಂದು ಪುಟ್ಟ ಟಾರ್ಚ್ ಸಿಕ್ಕಿತು. ಉಳಿದ ದಾರಿಯೆಲ್ಲ ಅದನ್ನು ಹಿಡಿದು ನಮ್ಮ ಮುಂದೆ ನಡೆದ.

ಅಮ್ಮ ನಡುದಾರಿಯಲ್ಲಿ ನಿಂತಳು. ಬೀದಿಯ ತುದಿಯವರೆಗೂ ಗುಂಪು ಗುಂಪು ಮಕ್ಕಳು, ಕೈಯಲ್ಲಿ ಬೆಳಕು. "ಅಂಟಿಗೆ ಪಂಟಿಗೆ ಕಣೇ ಇದು" ಅಂದಳು ಮೆಲ್ಲಗೆ. ದೀಪಾವಳಿಯಲ್ಲಿ ನಮ್ಮೂರಿನ ಕಡೆ ಹಾಡುಗಾರರು ದೀಪ ಆರದ ಹಾಗೆ ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ ಬರುತ್ತಾರೆ. ಮನೆಯವರು ಬಾಗಿಲು ತೆರೆದು ಆ ದೀಪಕ್ಕೆ ಎಣ್ಣೆ ಎರೆಯಬೇಕು, ಅಕ್ಕಿ, ಕಾಯಿ, ದುಡ್ಡು, ಹೋಳಿಗೆ ಕೊಡಬೇಕು. ಎಷ್ಟು ಹೊತ್ತಿಗೆ ಬಂದರೂ ಬರಿಗೈಲಿ ಕಳಿಸುವಂತಿಲ್ಲ. ಚಿಕ್ಕವಳಿದ್ದಾಗ ಅಮ್ಮ ಎರಡು ಗಂಟೆ ರಾತ್ರಿಗೆ ನನ್ನನ್ನು ಎಬ್ಬಿಸಿ ಜಗುಲಿಗೆ ಕರೆತಂದಿದ್ದು ನೆನಪಾಯಿತು. ಮರೆತೇಹೋಗಿತ್ತು.

ಎಂಟೂವರೆಗೆ ಮನೆ. ನೆಲದ ಮೇಲೆ ಚಾಕೊಲೇಟ್ ಸುರಿದು, ಕಡಲೆಕಾಯಿ ಇರುವುದನ್ನೆಲ್ಲ ಮಗಳು ತನ್ನ ಕಡೆ ಎಳೆದುಕೊಂಡು, ಬದಲಿಗೆ ತಮ್ಮನಿಗೆ ಬೇರೆಯದನ್ನು ಎಣಿಸಿ ಕೊಟ್ಟಳು. ಇವರು ಬಾಗಿಲಿನಲ್ಲಿ ಕೂತು ಹಂಚುತ್ತಿದ್ದ ಬುಟ್ಟಿ ಖಾಲಿಯಾಗಿತ್ತು. ನಾನು ಹೊರಗಿನ ದೀಪ ಆರಿಸಲು ಎದ್ದೆ.

"ಆರಿಸಬೇಡ" ಅಂದಳು ಅಮ್ಮ. "ಇನ್ನೂ ಎರಡು ದಿನ ಹಬ್ಬ ಇದೆ." ಕುಂಬಳಕಾಯಿಯೊಳಗಿನ ಬ್ಯಾಟರಿ ದೀಪ ತೆಗೆದು, ಒಂದು ಮಣ್ಣಿನ ಹಣತೆ ಇಟ್ಟು ಬತ್ತಿ ಹಚ್ಚಿದಳು. ಮಗ ಪಕ್ಕದಿಂದ ಬಗ್ಗಿ ನೋಡಿದ.

ಒಂಬತ್ತೂವರೆಗೆ ಗಂಟೆ ಬಾರಿಸಿತು. ದೀಪ ಹತ್ತಿತ್ತಲ್ಲ, ಬಂದಿದ್ದರು. ಇಬ್ಬರು ದೊಡ್ಡ ಹುಡುಗರು, ಹೈಸ್ಕೂಲಿನವರಿರಬೇಕು. ಒಬ್ಬನ ಮುಖಕ್ಕೆ ಎಲುಬಿನ ಬಣ್ಣ. ನಾನು ಬುಟ್ಟಿ ಖಾಲಿ ಅಂತ ಹೇಳುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಪೇಪರ್ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ನಾಲ್ಕು ಕಡುಬು, ಮೇಲೆ ತುಪ್ಪ.

"ಅಲರ್ಜಿ ಇದೆಯಾ ಅಂತ ಮೊದಲು ಕೇಳು" ಅಂದಳು ನನಗೆ. ಕೇಳಿದೆ. ಇಲ್ಲ ಅಂದರು. ಕುಂಬಳಕಾಯಿದು, ಬೆಲ್ಲ, ಅಕ್ಕಿ, ತೆಂಗಿನಕಾಯಿ ಇದೆ ಅಂತ ಹೇಳಿದೆ. ಎಲುಬಿನ ಮುಖದವನು ಮೆಟ್ಟಿಲ ಮೇಲೆ ಕೂತು ಒಂದು ಚೂರು ಬಾಯಿಗಿಟ್ಟ. ಆಮೇಲೆ ತಟ್ಟೆಯನ್ನು ಗೆಳೆಯನ ಕಡೆ ಸರಿಸಿದ. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಅವರು ತಿಂದು ಮುಗಿಸುವವರೆಗೂ ನೋಡುತ್ತಿದ್ದಳು. ನಡುವೆ ಒಮ್ಮೆ ಬಗ್ಗಿ ಹಣತೆಗೆ ಎಣ್ಣೆ ಎರೆದಳು.